ಸೈಕಲ್ಲಿಗೂ ಉಂಟು ಪ್ರಾಕ್ಟಿಕಲ್ ಪರೀಕ್ಷೆ!

ನೆದರ್ಲೆಂಡ್ಸ್‌ನಲ್ಲಿ ಸೈಕಲ್ ಓಡಿಸಲು ಲೈಸೆನ್ಸ್ ಬೇಡ. ಆದರೂ ಅಲ್ಲಿನ ಬಹಳಷ್ಟು ಪ್ರಾಥಮಿಕ ಶಾಲೆಗಳ 10ರಿಂದ 12 ವರ್ಷದ ಮಕ್ಕಳು ಸಂಚಾರ ಪರೀಕ್ಷೆ ಬರೆಯುತ್ತಾರೆ! ಬರೆದರಷ್ಟೇ ಸಾಲದು, ಪ್ರಾಕ್ಟಿಕಲ್ಲೂ ಉಂಟು. ಅದೂ ಶಾಲೆಯ ಮೈದಾನದಲ್ಲಲ್ಲ, ವಾಹನಗಳು ಓಡಾಡುವ ಬೀದಿಯಲ್ಲೇ. ಮೊದಲು ಸೈಕಲ್ಲಿನ ತಪಾಸಣೆ: ಬ್ರೇಕ್, ಬೆಲ್, ಲೈಟು, ರಿಫ್ಲೆಕ್ಟರ್. ಆಮೇಲೆ ನಂಬರ್ ಇರುವ ಜಾಕೆಟ್ ತೊಟ್ಟು ಹೊರಡಬೇಕು. ತಿರುಗುವ ಮುನ್ನ ಕೈ ತೋರಿಸಿದರೇ, ಹಿಂದಕ್ಕೊಮ್ಮೆ ನೋಡಿದರೇ ಎಂದು ದಾರಿಯುದ್ದಕ್ಕೂ ನಿಂತ ಸ್ವಯಂಸೇವಕರು ಗುರುತು ಹಾಕಿಕೊಳ್ಳುತ್ತಾರೆ. ಇವರಲ್ಲಿ ಮಕ್ಕಳ ಅಪ್ಪ-ಅಮ್ಮಂದಿರೂ ಇರುತ್ತಾರೆ. (ತಪ್ಪಿದವರಿಗೆ ಮನೆಯಲ್ಲಿ ಇನ್ನೊಂದು ವಿಚಾರಣೆ ಕಾದಿರಬಹುದು!) ಪಾಸಾದವರಿಗೆ ಡಿಪ್ಲೊಮಾ. ಪ್ರೌಢಶಾಲೆ ಸೇರಿದ ಮೇಲೆ ಹೆಚ್ಚಿನ ಮಕ್ಕಳು ದಿನವೂ ತಾವೇ ಸೈಕಲ್ ತುಳಿದುಕೊಂಡು ಹೋಗಬೇಕಲ್ಲ, ಅದಕ್ಕೇ ಇಷ್ಟು ಮುತುವರ್ಜಿ. ಅಂದಹಾಗೆ, ಆ ದೇಶದ ಜನಸಂಖ್ಯೆ ಸುಮಾರು 1.8 ಕೋಟಿ, ಸೈಕಲ್ಲುಗಳು ಸುಮಾರು 2.3 ಕೋಟಿ!