ನೇರ ಮಾಡಿಸಿದ ಕೂದಲು ಗುಂಗುರಿಗೆ ಮರಳುವಾಗ

ನಮ್ಮ ಮದುವೆ ಮನೆಗಳಲ್ಲಿ ಕೆಲವು ವರ್ಷಗಳಿಂದ ಹೊಸದೊಂದು ಖರ್ಚು ಸೇರಿಕೊಂಡಿದೆ. ಬಟ್ಟೆ, ಚಿನ್ನ, ಮೆಹಂದಿಯ ಪಟ್ಟಿಯಲ್ಲಿ ಈಗ ಮದುಮಗಳ ಕೂದಲು ನೇರ ಮಾಡಿಸುವುದಕ್ಕೂ ಒಂದು ಸಾಲು ಮೀಸಲು. ರೀಬಾಂಡಿಂಗ್, ಸ್ಮೂದನಿಂಗ್, ಕೆರಾಟಿನ್ ಎಂದು ಬ್ಯೂಟಿ ಪಾರ್ಲರ್‌ಗಳಲ್ಲಿ ಇದಕ್ಕೆ ಹಲವು ಹೆಸರುಗಳು. ಗುಂಗುರು ಕೂದಲಿನ ಹುಡುಗಿ ನಾಲ್ಕೈದು ಗಂಟೆ ಕುರ್ಚಿಯಲ್ಲಿ ಕುಳಿತು ಏಳುವಾಗ ಕೂದಲು ರೇಷ್ಮೆ ನೂಲಿನಂತೆ ಇಳಿಬಿದ್ದಿರುತ್ತದೆ. ನೋಡಿದವರೆಲ್ಲ ಚೆಂದ ಎನ್ನುತ್ತಾರೆ.

ಮೂರು ತಿಂಗಳು ಕಳೆದಾಗ ಬುಡದಲ್ಲಿ ಹುಟ್ಟಿದ ಗುಂಗುರು ತಲೆ ಎತ್ತುತ್ತದೆ. ಮೇಲೆ ಉಬ್ಬಿದ ಪೊದೆ, ಕೆಳಗೆ ಚಪ್ಪಟೆ ಬಾಲ. ಆಗ ಹೆಚ್ಚಿನವರು ಮತ್ತೆ ಪಾರ್ಲರ್ ಮೆಟ್ಟಿಲು ಹತ್ತುತ್ತಾರೆ. ಆದರೆ ಕೆಲವರಿಗೆ ಖರ್ಚು ಸಾಕೆನಿಸುತ್ತದೆ. ಕೆಲವರಿಗೆ ಬಾಚಣಿಗೆಯಲ್ಲಿ ಬರುವ ತುಂಡು ಕೂದಲು ಕಂಡು ಭಯವಾಗುತ್ತದೆ. ಇನ್ನು ಕೆಲವರಿಗೆ ತಮ್ಮ ಹುಟ್ಟು ಕೂದಲೇ ಬೇಕೆನಿಸುತ್ತದೆ. ನೀವೂ ಅಂಥ ತೀರ್ಮಾನಕ್ಕೆ ಬಂದಿದ್ದರೆ ಅಥವಾ ಬರಬೇಕೆಂದಿದ್ದರೆ ಮುಂದಿನ ಒಂದೆರಡು ವರ್ಷ ಕೂದಲನ್ನು ಹೇಗೆ ನೋಡಿಕೊಳ್ಳಬೇಕು, ಹೇಗೆ ಕಟ್ಟಿಕೊಳ್ಳಬೇಕು ಎಂಬುದನ್ನು ಇಲ್ಲಿ ನೋಡೋಣ.

ಕೂದಲಿಗೆ ಆಗಿರುವುದೇನು?

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಆ ಪ್ರೋಟೀನಿನ ಎಳೆಗಳನ್ನು ಗಂಧಕದ ಬಂಧಗಳು ಏಣಿಯ ಮೆಟ್ಟಿಲುಗಳಂತೆ ಹಿಡಿದಿಟ್ಟಿರುತ್ತವೆ. ಕೂದಲಿನ ಆಕಾರ ಉಳಿಯುವುದು ಈ ಬಂಧಗಳಿಂದ. ರೀಬಾಂಡಿಂಗ್‌ನಲ್ಲಿ ಮೊದಲು ಹಚ್ಚುವ ಕ್ರೀಮ್ ಈ ಬಂಧಗಳನ್ನು ಮುರಿಯುತ್ತದೆ. ಬಿಸಿ ಇಸ್ತ್ರಿಯಿಂದ ಎಳೆಗಳನ್ನು ನೇರ ಮಾಡುತ್ತಾರೆ. ಕೊನೆಗೆ ಹಚ್ಚುವ ಎರಡನೆಯ ಕ್ರೀಮ್, ಬಂಧಗಳನ್ನು ಆ ನೇರ ಸ್ಥಿತಿಯಲ್ಲೇ ಮತ್ತೆ ಬೆಸೆಯುತ್ತದೆ.

ಹೀಗೆ ಬದಲಾದ ಕೂದಲು ಯಾವ ಎಣ್ಣೆಗೂ, ಯಾವ ಶಾಂಪೂಗೂ ಮತ್ತೆ ಗುಂಗುರಾಗುವುದಿಲ್ಲ. ಕೂದಲಿನ ಎಳೆ ಜೀವವಿಲ್ಲದ್ದು. ಗಾಯ ವಾಸಿಯಾದಂತೆ ಅದು ತಾನಾಗಿ ವಾಸಿಯಾಗದು. ಬುಡದಿಂದ ಹೊಸದಾಗಿ ಬರುವ ಕೂದಲು ಮಾತ್ರ ನಿಮ್ಮ ಹುಟ್ಟು ಗುಣದ್ದಾಗಿರುತ್ತದೆ. ಕೆರಾಟಿನ್ ಲೇಪನ ಮಾತ್ರ ಮಾಡಿಸಿದವರಿಗೆ ಕೆಲವು ತಿಂಗಳಲ್ಲಿ ಅದರ ಪ್ರಭಾವ ಬಹುಮಟ್ಟಿಗೆ ಇಳಿಯುವುದುಂಟು. ರೀಬಾಂಡಿಂಗ್ ಮಾಡಿಸಿದವರಿಗೆ ಆ ಅವಕಾಶವಿಲ್ಲ.

ಕೂದಲು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ಎಂದಾಯಿತು. ಭುಜ ಮುಟ್ಟುವಷ್ಟು ಹೊಸ ಕೂದಲು ಬರಲು ಎರಡು ವರ್ಷ ಬೇಕು. ಗುಂಗುರು ಸುತ್ತಿಕೊಳ್ಳುವುದರಿಂದ ಅದು ಇನ್ನೂ ಗಿಡ್ಡವಾಗಿ ಕಾಣುತ್ತದೆ. "ಬೆಳೆಯುತ್ತಲೇ ಇಲ್ಲ" ಎಂದು ಬೇಸರವಾದಾಗ ಒಂದೆಳೆಯನ್ನು ಮೆಲ್ಲಗೆ ಎಳೆದು ನೋಡಿ, ಬೆಳೆದದ್ದು ಗೊತ್ತಾಗುತ್ತದೆ.

ಎರಡು ದಾರಿ

ಮೊದಲನೆಯದು, ನೇರ ಭಾಗವನ್ನೆಲ್ಲ ಒಮ್ಮೆಗೇ ಕತ್ತರಿಸಿ ಗಿಡ್ಡ ಕೂದಲಿನಿಂದ ಆರಂಭಿಸುವುದು. ಇದರಲ್ಲಿ ತೊಂದರೆ ಕಡಿಮೆ. ಆದರೆ ಅಷ್ಟು ಗಿಡ್ಡ ಮಾಡಿಸಿಕೊಳ್ಳಲು ನಮ್ಮಲ್ಲಿ ಬಹಳ ಮಂದಿಗೆ ಮನಸ್ಸಾಗುವುದಿಲ್ಲ. ಎರಡನೆಯದು ನಿಧಾನದ ದಾರಿ. ಎರಡು ಮೂರು ತಿಂಗಳಿಗೊಮ್ಮೆ ತುದಿಯಿಂದ ಎರಡು ಬೆರಳಿನಷ್ಟು ಕತ್ತರಿಸುತ್ತಾ ಹೋದರೆ ಉದ್ದ ಹೆಚ್ಚು ಕಡಿಮೆಯಾಗದೆ ನೇರ ಭಾಗ ಕ್ರಮೇಣ ಮುಗಿಯುತ್ತದೆ.

ನಿಧಾನದ ದಾರಿ ಹಿಡಿದವರು ಒಂದು ಸಂಗತಿಯನ್ನು ಸದಾ ನೆನಪಿನಲ್ಲಿಡಬೇಕು. ಗುಂಗುರು ಮುಗಿದು ನೇರ ಕೂದಲು ಆರಂಭವಾಗುವ ಜಾಗವೇ ಎಳೆಯ ಅತ್ಯಂತ ದುರ್ಬಲ ಜಾಗ. ಎಳೆದರೆ, ಒರಟಾಗಿ ಬಾಚಿದರೆ ಕೂದಲು ತುಂಡಾಗುವುದು ಅಲ್ಲಿಯೇ. ಮುಂದೆ ಹೇಳುವ ಆರೈಕೆಯೆಲ್ಲ ಆ ಕೀಲನ್ನು ಕಾಪಾಡುವುದಕ್ಕಾಗಿ.

ತೊಳೆಯುವುದು, ಬಾಚುವುದು

ಗುಂಗುರು ಕೂದಲಿನಲ್ಲಿ ಬುಡದ ಜಿಡ್ಡು ತುದಿಯವರೆಗೆ ಇಳಿಯುವುದಿಲ್ಲ. ಆದ್ದರಿಂದ ಅದು ಬೇಗ ಒಣಗುತ್ತದೆ. ವಾರಕ್ಕೆ ಒಂದೆರಡು ಸಲ ತಲೆಗೆ ಸ್ನಾನ ಸಾಕು. ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕೂದಲಿನ ಉದ್ದಕ್ಕೂ ತೆಂಗಿನೆಣ್ಣೆ ಹಚ್ಚಿ. ಅಜ್ಜಿಯರ ಈ ಪಾಠಕ್ಕೆ ವಿಜ್ಞಾನದ ಬೆಂಬಲವೂ ಇದೆ. ಭಾರತದ ಇಬ್ಬರು ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲವನ್ನು ಹೋಲಿಸಿ ನೋಡಿದ್ದರು. ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವಾಗುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ.

ಶಾಂಪೂವನ್ನು ತಲೆಬುರುಡೆಗೆ ಮಾತ್ರ ಹಚ್ಚಿ. ನೊರೆ ಇಳಿಯುವಾಗ ಉದ್ದ ಕೂದಲು ತಾನಾಗಿ ಸ್ವಚ್ಛವಾಗುತ್ತದೆ. ಬಟ್ಟೆ ಒಗೆದಂತೆ ಕೂದಲನ್ನು ತಲೆಯ ಮೇಲೆ ಗುಡ್ಡೆ ಹಾಕಿ ತಿಕ್ಕಬೇಡಿ. ನಂತರ ಕಂಡಿಷನರ್ ಹಚ್ಚಿ, ಅದು ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ತುದಿಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಮೇಲೆ ಬನ್ನಿ. ಒಣಗಿದ ಮೇಲೆ ಗುಂಗುರನ್ನು ಬಾಚಲೇಬೇಡಿ. ನೀರೊರೆಸಲು ಒರಟು ಟವೆಲಿಗಿಂತ ಹಳೆಯ ಹತ್ತಿ ದುಪ್ಪಟ್ಟ ಒಳ್ಳೆಯದು. ತಿಕ್ಕದೆ, ಮೆಲ್ಲಗೆ ಒತ್ತಿ ನೀರು ತೆಗೆಯಿರಿ.

ಮೆಹಂದಿ ಹಚ್ಚುವ ಅಭ್ಯಾಸವಿದ್ದರೆ ಈ ಅವಧಿಯಲ್ಲಿ ಕಡಿಮೆ ಮಾಡಿ. ಅದು ಕೂದಲನ್ನು ಒಣಗಿಸುತ್ತದೆ. ಹಚ್ಚಲೇಬೇಕೆಂದಿದ್ದರೆ ಮೊಸರು ಕಲಸಿ ಹಚ್ಚಿ, ತೊಳೆದ ಮೇಲೆ ಕಂಡಿಷನರ್ ಬಳಸಿ.

ಎರಡು ಬಗೆಯ ಕೂದಲು ಒಂದಾಗಿ ಕಾಣಬೇಕಾದರೆ

ಬುಡದ ಗುಂಗುರನ್ನು ಇಸ್ತ್ರಿಯಿಂದ ನೇರ ಮಾಡಿ ತುದಿಗೆ ಹೊಂದಿಸುವುದು ಸುಲಭವೆಂದು ತೋರುತ್ತದೆ. ಆದರೆ ಪದೇಪದೇ ಬಿಸಿ ತಾಗಿದರೆ ಹೊಸ ಕೂದಲೂ ಕೆಡುತ್ತದೆ. ಅದಕ್ಕಾಗಿ ಉಪಾಯವನ್ನು ತಿರುಗಿಸಿ, ನೇರ ತುದಿಯನ್ನೇ ಅಲೆಅಲೆ ಮಾಡಿ ಬುಡಕ್ಕೆ ಹೊಂದಿಸಿ. ಇದಕ್ಕೆ ಬೇಕಾದುದು ನೀರು, ಜಡೆ ಮತ್ತು ಒಂದು ರಾತ್ರಿ.

ಒದ್ದೆ ಜಡೆ: ತೊಳೆದ ಕೂದಲು ಮುಕ್ಕಾಲು ಭಾಗ ಒಣಗಿದಾಗ ಆರು ಪಾಲು ಮಾಡಿ ಸಡಿಲವಾಗಿ ಹೆಣೆಯಿರಿ. ಎರಡೆಳೆ ಹೊಸೆಯುವುದು ಇಷ್ಟವಾದರೆ ಗುಂಗುರು ಇರುವಷ್ಟು ಉದ್ದ ಮಾತ್ರ ಹೊಸೆದು, ನೇರ ಭಾಗ ಬಂದ ಕೂಡಲೇ ಮೂರೆಳೆ ಜಡೆಗೆ ಬದಲಿಸಿ. ನೇರ ಕೂದಲು ಹೊಸೆದರೆ ನಿಲ್ಲುವುದಿಲ್ಲ. ಪೂರ್ತಿ ಒಣಗಿದ ಮೇಲೆ ಬೆರಳಿಗೆ ಎರಡು ಹನಿ ಎಣ್ಣೆ ಸವರಿಕೊಂಡು ಬಿಚ್ಚಿ. ಬಾಚಣಿಗೆ ತಾಗಿಸಬೇಡಿ.

ಬಟ್ಟೆಯ ಪಟ್ಟಿ: ಹಳೆಯ ಮೆತ್ತನೆಯ ಬಟ್ಟೆಯನ್ನು ಎರಡು ಬೆರಳು ಅಗಲ, ಒಂದು ಗೇಣು ಉದ್ದಕ್ಕೆ ಹರಿದುಕೊಳ್ಳಿ. ತೇವವಿರುವ ಕೂದಲಿನ ತುದಿಯನ್ನು ಪಟ್ಟಿಗೆ ಸುತ್ತುತ್ತಾ ಗುಂಗುರು ಆರಂಭವಾಗುವವರೆಗೆ ಬಂದು ಗಂಟು ಹಾಕಿ. ಬೆಳಿಗ್ಗೆ ಬಿಚ್ಚಿದರೆ ತುದಿಯಲ್ಲೂ ಸುರುಳಿ ಮೂಡಿರುತ್ತದೆ. ಮದುವೆಯೋ ಈದ್ ಭೇಟಿಯೋ ಇದ್ದರೆ ಹಿಂದಿನ ರಾತ್ರಿ ಇದನ್ನು ಮಾಡಿಕೊಳ್ಳಿ.

ತಗ್ಗಿನ ತುರುಬು: ಅವಸರದ ದಿನಗಳಿಗೆ ಇದೇ ಸಾಕು. ಮುಂದಲೆಗೆ ಸ್ವಲ್ಪ ನೀರು, ಸ್ವಲ್ಪ ಅಗಸೆ ಬೀಜದ ಲೋಳೆ ಸವರಿ ಹಿಂದಕ್ಕೆ ಒತ್ತಿ, ನೇರ ತುದಿಯನ್ನು ತುರುಬಿನೊಳಗೆ ಮಡಚಿಬಿಡಿ. ಕಾಲು ಗಂಟೆ ಮೆತ್ತನೆಯ ಬಟ್ಟೆ ಕಟ್ಟಿಕೊಂಡಿದ್ದರೆ ಉಬ್ಬು ಕುಳಿತುಕೊಳ್ಳುತ್ತದೆ.

ಅಗಸೆ ಬೀಜದ ಲೋಳೆಯನ್ನು ಮನೆಯಲ್ಲೇ ಮಾಡಬಹುದು. ಎರಡು ಚಮಚ ಬೀಜವನ್ನು ಒಂದು ಲೋಟ ನೀರಿನಲ್ಲಿ ಕುದಿಸಿ. ಮೊಟ್ಟೆಯ ಬಿಳಿಯಂತಾದಾಗ ಇಳಿಸಿ ಬಿಸಿಯಿರುವಾಗಲೇ ತೆಳುಬಟ್ಟೆಯಲ್ಲಿ ಸೋಸಿ. ತಣಿದರೆ ಸೋಸಲು ಬಾರದು. ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ.

ಸ್ಕಾರ್ಫ್‌ನೊಳಗೆ

ಹೊರಗೆ ಹೋಗುವಾಗ ತಲೆಮುಚ್ಚುವ ನಮಗೆ ಈ ಹಾದಿಯಲ್ಲಿ ಒಂದು ಅನುಕೂಲವಿದೆ. ಅರ್ಧ ಗುಂಗುರು, ಅರ್ಧ ನೇರದ ಕಾಲವನ್ನು ಹೊರಗಿನ ಯಾರ ಟೀಕೆಯೂ ಇಲ್ಲದೆ ಕಳೆಯಬಹುದು. ಸ್ಕಾರ್ಫ್‌ನೊಳಗೆ ಎರಡು ಸಡಿಲ ಜಡೆ ಹಾಕಿಕೊಂಡಿದ್ದರೆ ಸಂಜೆ ಬಿಚ್ಚುವಾಗ ಅಲೆಗಳೂ ತಯಾರು.

ಎಚ್ಚರವಹಿಸಬೇಕಾದುದು ಮೂರು. ಕೂದಲು ಒದ್ದೆಯಿರುವಾಗ ಸ್ಕಾರ್ಫ್ ಕಟ್ಟಬೇಡಿ. ತುರಿಕೆ, ವಾಸನೆ, ಹೊಟ್ಟು ಬರುತ್ತವೆ. ಬೆಳಿಗ್ಗೆ ಅವಸರವಿದ್ದವರು ರಾತ್ರಿ ಮಲಗುವ ಎಷ್ಟೋ ಹೊತ್ತಿನ ಮೊದಲೇ ತಲೆಗೆ ಸ್ನಾನ ಮುಗಿಸಲಿ. ಎರಡನೆಯದಾಗಿ, ಒಳಟೋಪಿಯ ಅಂಚು ಹಣೆಯ ಮೇಲಿನ ಎಳೆಗೂದಲನ್ನು ತಿಕ್ಕಿ ಮುರಿಯುತ್ತದೆ. ಸ್ಯಾಟಿನ್ ಅಥವಾ ರೇಷ್ಮೆಯ ಒಳಪದರ ಹೊಲಿದುಕೊಂಡರೆ ಒಳ್ಳೆಯದು. ದಿಂಬಿಗೂ ಅಂಥದೇ ಹೊದಿಕೆ ಇರಲಿ. ಮೂರನೆಯದು, ದಿನವೂ ಒಂದೇ ಜಾಗದಲ್ಲಿ ಬಿಗಿಯಾಗಿ ತುರುಬು ಕಟ್ಟಬೇಡಿ. ನಿರಂತರ ಎಳೆತದಿಂದ ಮುಂದಲೆ, ಕಿವಿಯ ಬದಿ ಬೋಳಾಗುವುದುಂಟು. ಬೇಗ ಎಚ್ಚೆತ್ತರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬಾರದೆಯೂ ಹೋಗಬಹುದು.

ಉದುರುತ್ತಿದೆಯೋ, ತುಂಡಾಗುತ್ತಿದೆಯೋ?

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಿದ್ದ ಎಳೆಯನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಬಿಳಿಯ ಪುಟ್ಟ ಗಂಟಿದ್ದರೆ ಅದು ಬುಡದಿಂದ ಉದುರಿದ್ದು. ಗಂಟಿಲ್ಲದ ಗಿಡ್ಡ ತುಂಡಾದರೆ ಮುರಿದದ್ದು. ಮುರಿಯುವುದು ಹೆಚ್ಚಾಗಿದ್ದರೆ ಬಾಚುವ, ಕಟ್ಟುವ ರೀತಿ ಬದಲಿಸಿ, ತುದಿ ಕತ್ತರಿಸಿ. ಹೆರಿಗೆಯಾಗಿ ಮೂರು ನಾಲ್ಕು ತಿಂಗಳಿಗೆ ರಾಶಿ ಕೂದಲು ಬುಡದಿಂದಲೇ ಉದುರುವುದುಂಟು. ಅದಕ್ಕೆ ಹೆದರಬೇಕಿಲ್ಲ, ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ. ಆದರೆ ಅದು ಮುಂದುವರಿದರೆ ಅಥವಾ ಆಯಾಸ, ತಲೆಸುತ್ತು ಜೊತೆಗಿದ್ದರೆ ವೈದ್ಯರನ್ನು ಕಂಡು ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ.

ಮತ್ತೆ ಪಾರ್ಲರ್‌ಗೆ ಹೋಗುವ ಮುನ್ನ

ಆರನೆಯ ತಿಂಗಳಿನ ಹೊತ್ತಿಗೆ "ಇನ್ನೊಮ್ಮೆ ಮಾಡಿಸಿಬಿಡೋಣ" ಎಂಬ ಆಸೆ ಬಲವಾಗುತ್ತದೆ. ಆಗ ಕೆಲವು ಸಂಗತಿಗಳು ನಿಮಗೆ ತಿಳಿದಿರಲಿ.

ಈ ಹಾದಿಯಲ್ಲಿ ನಮಗಿಂತ ಮೊದಲು ನಡೆದವರು ಅಮೆರಿಕದ ಕಪ್ಪು ಮಹಿಳೆಯರು. ರಿಲ್ಯಾಕ್ಸರ್ ಎಂಬ ಕ್ಷಾರದ ಕ್ರೀಮಿನಿಂದ ಹಲವು ತಲೆಮಾರು ಕೂದಲು ನೇರ ಮಾಡಿಕೊಂಡ ಅವರಲ್ಲಿ ಬಹಳಷ್ಟು ಮಂದಿ ಇತ್ತೀಚಿನ ದಶಕಗಳಲ್ಲಿ ಅದನ್ನು ಬಿಟ್ಟಿದ್ದಾರೆ. ಅಲ್ಲಿನ ಸರಕಾರಿ ಆರೋಗ್ಯ ಸಂಸ್ಥೆಯ ಸಂಶೋಧಕರು 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ವರದಿ ಪ್ರಕಟಿಸಿದರು. ಕೂದಲು ನೇರ ಮಾಡುವ ರಾಸಾಯನಿಕ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ. 1.64. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಅದು ಶೇ. 4.05. ರಾಸಾಯನಿಕವೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ಕಡೆಗಣಿಸುವ ಮಾತಲ್ಲ.

ಕೆಲವು ನೇರ ಮಾಡುವ ದ್ರಾವಣಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಅದು ಕ್ಯಾನ್ಸರ್‌ಕಾರಕ. ಅದಕ್ಕೆ ಬದಲಾಗಿ ಬಂದ ಗ್ಲೈಆಕ್ಸಿಲಿಕ್ ಆಮ್ಲವೂ ನಿರಪಾಯಕಾರಿಯಲ್ಲ. ಆ ಆಮ್ಲವಿದ್ದ ಕ್ರೀಮಿನಿಂದ 2020, 2021 ಮತ್ತು 2022ರಲ್ಲಿ ಕೂದಲು ನೇರ ಮಾಡಿಸಿದ 26 ವರ್ಷದ ಯುವತಿಯೊಬ್ಬಳಿಗೆ ಮೂರು ಸಲವೂ ಮೂತ್ರಪಿಂಡಕ್ಕೆ ಹಾನಿಯಾದುದನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ದಾಖಲಿಸಿದ್ದಾರೆ. "ಫಾರ್ಮಾಲಿನ್ ಇಲ್ಲ" ಎಂಬ ಚೀಟಿ ನೋಡಿ ನೆಮ್ಮದಿಪಡುವ ಮೊದಲು ಅದರಲ್ಲಿ ಏನಿದೆ ಎಂದು ಓದಿ.

ಇನ್ನೊಂದು ಮಾತು. ಮಾಡಿಸಿದ ಮೇಲೆ ಮೂರು ದಿನ ಕೂದಲಿಗೆ ನೀರು ತಾಗಬಾರದು ಎನ್ನುತ್ತಾರೆ. ಐದು ಹೊತ್ತು ವುಝೂ ಮಾಡಿ ತಲೆ ಸವರುವವರಿಗೆ, ಅದರಲ್ಲೂ ಕಡ್ಡಾಯ ಸ್ನಾನ ಬಂದರೆ, ಇದು ಸಣ್ಣ ತೊಡಕಲ್ಲ. ಪಾರ್ಲರ್‌ನಲ್ಲಿ ಯಾರೂ ಮೊದಲೇ ಇದನ್ನು ಹೇಳುವುದಿಲ್ಲ.

ಮನೆಯವರ ಮಾತು

ಹೊರಗಿನವರಿಗೆ ಕಾಣದ ಕೂದಲು ಮನೆಯವರಿಗೆ ಕಾಣುತ್ತದೆ. "ಇದೇನು ಕಾಗೆ ಗೂಡು?" ಎಂದು ನಾದಿನಿ ನಗಬಹುದು. "ಮದುವೆಯಲ್ಲಿ ಎಷ್ಟು ಚೆನ್ನಾಗಿತ್ತು" ಎಂದು ಅತ್ತೆ ಹೇಳಬಹುದು. ಬಹುತೇಕ ಇದರಲ್ಲಿ ಕೆಡುಕಿನ ಉದ್ದೇಶವಿರುವುದಿಲ್ಲ. "ಕೂದಲು ತುಂಡಾಗುತ್ತಿದೆ, ಸರಿಯಾಗಲು ಎರಡು ವರ್ಷ ಬೇಕು" ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿಬಿಡಿ. ಪತಿಗೂ ಹೇಳಿ. ಕಾರಣ ಗೊತ್ತಿದ್ದರೆ ಮನೆಯವರ ಸಹನೆಯೂ ಹೆಚ್ಚುತ್ತದೆ.

ತಾಯಂದಿರು ಇನ್ನೂ ಒಂದು ವಿಷಯ ಯೋಚಿಸಬೇಕು. ಶಾಲೆಗೆ ಹೊರಟ ಗುಂಗುರು ಕೂದಲಿನ ಮಗಳ ತಲೆ ಬಾಚುವಾಗ ನಮ್ಮ ಬಾಯಿಂದ ಬರುವ ಮಾತುಗಳೇನು? "ಈ ಕೂದಲೊಂದು ಶನಿ", "ತಂಗಿಯ ಹಾಗೆ ನೇರ ಇದ್ದಿದ್ದರೆ" ಎಂದು ಎಂಟು ವರ್ಷದ ಮಗು ದಿನವೂ ಕೇಳುತ್ತದೆ. ಹದಿನೆಂಟಕ್ಕೆ ಅವಳು ಪಾರ್ಲರ್‌ಗೆ ದುಡ್ಡು ಕೇಳಿದರೆ ಆಶ್ಚರ್ಯವೇನು? ಬೆಳಿಗ್ಗೆ ಹತ್ತು ನಿಮಿಷ ಹೆಚ್ಚು ಹಿಡಿದರೂ ಅವಳ ಕೂದಲನ್ನು ನೆನೆಸಿ, ಅಗಲ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸಿ, ನೋವಾಗದಂತೆ ಎರಡು ಜಡೆ ಹಾಕಿ ಕಳುಹಿಸಿ. ನಿಮ್ಮ ಗುಂಗುರು ಬೆಳೆಯುತ್ತಿರುವುದನ್ನೂ ಅವಳು ನೋಡುತ್ತಿರುತ್ತಾಳೆ.