ಗಾಯಗೊಂಡ ಕಾಲು ಮತ್ತು ಓಟದ ದಿನಾಂಕ

ದೂರದ ಓಟವು ಇಂದು ವೃತ್ತಿಪರ ಕ್ರೀಡಾಪಟುಗಳ ಸೊತ್ತಾಗಿ ಮಾತ್ರ ಉಳಿದಿಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭಗೊಂಡ ಹತ್ತು ಕಿಲೋಮೀಟರ್ ಓಟದಂತಹ ಸ್ಪರ್ಧೆಗಳಿಗಾಗಿ ವಿದ್ಯಾರ್ಥಿಗಳು, ಗೃಹಿಣಿಯರು, ನೌಕರರು, ನಿವೃತ್ತರು ಕೂಡ ಮುಂಜಾನೆ ರಸ್ತೆಗಿಳಿದು ಅಭ್ಯಾಸ ಮಾಡುತ್ತಾರೆ. ಇದು ಸಂತಸದ ಸಂಗತಿ. ಆದರೆ ಶುಲ್ಕ ತೆತ್ತು ಹೆಸರು ನೋಂದಾಯಿಸಿ, ತಿಂಗಳುಗಟ್ಟಲೆ ಬೆವರು ಸುರಿಸಿದ ಬಳಿಕ, ಇನ್ನು ಕೆಲವೇ ವಾರಗಳು ಉಳಿದಿವೆ ಎನ್ನುವಾಗ ಕಾಲು ನೋಯತೊಡಗಿದರೆ ಮಾಡುವುದೇನು? ಓಡಬೇಕೇ, ನಿಲ್ಲಬೇಕೇ? ಈ ಪ್ರಶ್ನೆಗೆ ನಾವು ಕಂಡುಕೊಳ್ಳುವ ಉತ್ತರವು ಒಂದು ದಿನದ ಸ್ಪರ್ಧೆಯನ್ನಷ್ಟೇ ಅಲ್ಲ, ಮುಂದಿನ ಹಲವು ವರ್ಷಗಳ ಓಟವನ್ನೂ ನಿರ್ಧರಿಸಬಲ್ಲದು.

ಇಂತಹ ಸಂದರ್ಭದಲ್ಲಿ ಓಟಗಾರರು ಸ್ಫೂರ್ತಿಗಾಗಿ ನೆನೆಯುವ ಹೆಸರು ಅಮೆರಿಕದ ಜೋನ್ ಬೆನೊಯಿಟ್ ಅವರದು. 1983ರ ಬೋಸ್ಟನ್ ಮ್ಯಾರಥಾನನ್ನು 2 ಗಂಟೆ 22 ನಿಮಿಷ 43 ಸೆಕೆಂಡುಗಳಲ್ಲಿ ಮುಗಿಸಿ ಅವರು ಮಹಿಳೆಯರ ವಿಶ್ವದಾಖಲೆ ಸ್ಥಾಪಿಸಿದ್ದರು. ಮರುವರ್ಷ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಮೊತ್ತಮೊದಲ ಬಾರಿಗೆ ಮಹಿಳಾ ಮ್ಯಾರಥಾನ್ ನಡೆಯಲಿತ್ತು. ಆದರೆ ಮಾರ್ಚ್ ತಿಂಗಳ ಒಂದು ದೀರ್ಘ ಅಭ್ಯಾಸದ ನಡುವೆ ಬಲಮೊಣಕಾಲಿನಲ್ಲಿ ತೀವ್ರ ನೋವು ಕಾಣಿಸಿಕೊಂಡಿತು. ಚುಚ್ಚುಮದ್ದು, ವಿಶ್ರಾಂತಿಗಳಿಂದ ದೊರೆತ ಶಮನ ತಾತ್ಕಾಲಿಕವಾಗಿತ್ತು. ಕೊನೆಗೆ ಏಪ್ರಿಲ್ 25ರಂದು ಡಾ. ಸ್ಟಾನ್ ಜೇಮ್ಸ್ ಅವರು ಮೊಣಕಾಲಿನ ಶಸ್ತ್ರಚಿಕಿತ್ಸೆ ನಡೆಸಿದರು. ಹದಿನೇಳೇ ದಿನಗಳ ಅನಂತರ, ಮೇ 12ರಂದು, ಬೆನೊಯಿಟ್ ಅರ್ಹತಾ ಓಟದಲ್ಲಿ ಪ್ರಥಮರಾದರು. ಆಗಸ್ಟ್ 5ರಂದು 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಗುರಿ ತಲುಪಿ ಒಲಿಂಪಿಕ್ ಚಿನ್ನವನ್ನೂ ಗೆದ್ದರು.

ಈ ಸಾಧನೆ ಅಪೂರ್ವವಾದುದು. ಆದರೆ ಹದಿನೇಳು ದಿನಗಳ ಮಾತನ್ನಷ್ಟೇ ಹಿಡಿದುಕೊಂಡು ನೋವನ್ನು ನುಂಗಿ ಓಡಬಹುದೆಂದು ತಿಳಿಯುವುದು ಅಪಾಯಕರ. ಬೆನೊಯಿಟ್ ಅವರ ತೊಂದರೆಯ ಮೂಲವನ್ನು ವೈದ್ಯರು ಗುರುತಿಸಿ ತೆಗೆದುಹಾಕಿದ್ದರು. ಅಲ್ಲದೆ ಚಿಕಿತ್ಸೆಯ ಬಳಿಕ ತ್ವರೆಯಿಂದ ಅಭ್ಯಾಸಕ್ಕೆ ಮರಳಿದಾಗ ಅವರ ಇನ್ನೊಂದು ಕಾಲಿನ ತೊಡೆಯ ಹಿಂಭಾಗದ ಸ್ನಾಯುವೂ ಗಾಯಗೊಂಡಿತೆಂಬುದನ್ನು ಈ ಕಥೆ ಹೇಳುವವರು ಅನೇಕ ವೇಳೆ ಮರೆತುಬಿಡುತ್ತಾರೆ. ನೋಯುವ ಕಾಲನ್ನು ಕಾಪಾಡಲು ಹೋಗಿ ಅದರ ಭಾರವನ್ನು ಮತ್ತೊಂದು ಕಾಲಿನ ಮೇಲೆ ಹೊರಿಸುವುದು ದೇಹದ ಸಹಜ ಪ್ರವೃತ್ತಿ. ಕುಂಟುತ್ತಾ ಓಡುವವನು ಒಂದು ಗಾಯವನ್ನು ಎರಡಾಗಿಸಿಕೊಳ್ಳುತ್ತಾನೆ.

ಗಾಯವಾಗುವುದಾದರೂ ಏಕೆ? ನಿಯಮಿತವಾಗಿ ಓಡತೊಡಗಿದರೆ ಹೃದಯ, ಶ್ವಾಸಕೋಶಗಳ ಸಾಮರ್ಥ್ಯ ಕೆಲವೇ ವಾರಗಳಲ್ಲಿ ಹೆಚ್ಚುವುದನ್ನು ನಾವು ಕಾಣುತ್ತೇವೆ. ಏದುಸಿರು ಕಡಿಮೆಯಾದೊಡನೆ ದೂರವನ್ನೂ ವೇಗವನ್ನೂ ಹೆಚ್ಚಿಸುವ ಹುಮ್ಮಸ್ಸು ಮೂಡುತ್ತದೆ. ಆದರೆ ಮೂಳೆಗಳೂ ಸ್ನಾಯುರಜ್ಜುಗಳೂ ಗಟ್ಟಿಗೊಳ್ಳಲು ತಿಂಗಳುಗಳೇ ಬೇಕು. ಹೊಸ ಭಾರ ಬಿದ್ದಾಗ ಮೂಳೆಯು ಮೊದಲು ತನ್ನ ಹಳೆಯ ಅಂಶವನ್ನು ಕರಗಿಸಿ, ಬಳಿಕ ಹೊಸದನ್ನು ಕಟ್ಟಿಕೊಳ್ಳುತ್ತದೆ. ಈ ಮರುನಿರ್ಮಾಣ ಮುಗಿಯುವ ಮುನ್ನವೇ ಭಾರ ಹೆಚ್ಚುತ್ತಾ ಹೋದರೆ ಸೂಕ್ಷ್ಮ ಬಿರುಕುಗಳು ಉಂಟಾಗುತ್ತವೆ. ಕಣಕಾಲಿನ ಅಥವಾ ಪಾದದ ಮೂಳೆಯ ಒಂದೇ ಬಿಂದುವಿನಲ್ಲಿ ಒತ್ತಿದರೆ ನೋವು, ಓಡಿದಷ್ಟೂ ಏರುವ ನೋವು, ರಾತ್ರಿ ಮಲಗಿದಾಗಲೂ ಕಾಡುವ ನೋವು ಇವೆಲ್ಲ ಅದರ ಲಕ್ಷಣಗಳು. ಆರಂಭದಲ್ಲಿ ಎಕ್ಸ್‌ರೇ ಚಿತ್ರದಲ್ಲಿ ಇದು ಕಾಣದಿರಬಹುದು, ಎಂ.ಆರ್.ಐ. ಪರೀಕ್ಷೆಯಲ್ಲಿ ಕಾಣುತ್ತದೆ. ಇಂತಹ ಬಿರುಕು ಮಾಯಲು ಸಾಮಾನ್ಯವಾಗಿ ಆರರಿಂದ ಎಂಟು ವಾರಗಳು ಬೇಕು. ಕೆಲವು ಮೂಳೆಗಳಿಗೆ ಇನ್ನೂ ಹೆಚ್ಚು. ನೋವುನಿವಾರಕ ಮಾತ್ರೆ ನುಂಗಿ ಓಡಿದರೆ ಬಿರುಕು ಪೂರ್ಣ ಮುರಿತವಾಗಲೂಬಹುದು.

ಹಾಗೆಂದು ಎಲ್ಲ ಗಾಯಗಳಿಗೂ ಸಂಪೂರ್ಣ ವಿಶ್ರಾಂತಿಯೇ ಮದ್ದಲ್ಲ. ವಿಶ್ರಾಂತಿ ಹಾಗೂ ಮಂಜುಗಡ್ಡೆಯ ಚಿಕಿತ್ಸೆಯನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಇವೆರಡೂ ಗುಣವಾಗುವುದನ್ನು ನಿಧಾನಗೊಳಿಸಬಹುದೆಂದು 2014ರಲ್ಲಿ ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು. ಹಿಮ್ಮಡಿಯ ಮೇಲಿರುವ ಅಕಿಲಿಸ್ ಸ್ನಾಯುರಜ್ಜುವಿನ ದೀರ್ಘಕಾಲದ ನೋವಿಗೆ ಸ್ವೀಡನ್ನಿನ ಡಾ. ಹಾಕನ್ ಆಲ್ಫ್ರೆಡ್ಸನ್ ಅವರು ಸೂಚಿಸಿದ ವ್ಯಾಯಾಮ ಇದಕ್ಕೆ ಉತ್ತಮ ನಿದರ್ಶನ. ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ನಿಂತು, ನೋಯುವ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು, ಮೇಲೇಳಲು ಇನ್ನೊಂದು ಕಾಲಿನ ನೆರವು ಪಡೆಯುವುದು: ಇಷ್ಟೇ ಅದರ ಕ್ರಮ. ದಿನಕ್ಕೆರಡು ಬಾರಿಯಂತೆ ಹನ್ನೆರಡು ವಾರ ಇದನ್ನು ಪಾಲಿಸಿದ ಹದಿನೈದು ಮಂದಿ ಹವ್ಯಾಸಿ ಓಟಗಾರರೆಲ್ಲರೂ ಮತ್ತೆ ಓಡಲು ಶಕ್ತರಾದರೆಂದು ಅವರು 1998ರಲ್ಲಿ ಪ್ರಕಟಿಸಿದರು. ಸ್ನಾಯುರಜ್ಜುವಿಗೆ ಹದವರಿತ ಭಾರವೇ ಔಷಧ. ಬಿರುಕು ಬಿಟ್ಟ ಮೂಳೆಗೆ ಭಾರದಿಂದ ಬಿಡುವೇ ಔಷಧ. ಆದುದರಿಂದಲೇ ಯಾವ ಗಾಯವೆಂಬುದನ್ನು ವೈದ್ಯರಿಂದ ತಿಳಿದುಕೊಳ್ಳುವುದು ಮೊದಲ ಹೆಜ್ಜೆಯಾಗಬೇಕು.

ಓಟಕ್ಕೆ ವಿರಾಮ ನೀಡಿದರೂ ಅಭ್ಯಾಸ ನಿಲ್ಲಬೇಕಾಗಿಲ್ಲ. ವೈದ್ಯರ ಅನುಮತಿಯಿದ್ದರೆ ಈಜು ಅಥವಾ ಸೈಕಲ್ ಸವಾರಿಯಿಂದ ಉಸಿರಿನ ಶಕ್ತಿಯನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದು. ಅರ್ಧ ಗಂಟೆ ಬಿರುಸಿನ ನಡಿಗೆ ನೋವಿಲ್ಲದೆ ಸಾಧ್ಯವಾದ ಮೇಲೆ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂಬಂತೆ ದಿನ ಬಿಟ್ಟು ದಿನ ಆರಂಭಿಸುವುದು ಹಿತಕರ. ಮೊದಲು ದೂರ ಹೆಚ್ಚಲಿ. ವೇಗ ಕೊನೆಗೆ ಬರಲಿ. ಮರುದಿನ ಬೆಳಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಗಳು ಹಿಂದಿನ ದಿನದ ಓಟ ಹೆಚ್ಚಾಯಿತೇ ಎಂಬುದನ್ನು ತಿಳಿಸುತ್ತವೆ.

ಇಷ್ಟಾದರೂ ನಿಗದಿತ ದಿನಕ್ಕೆ ಕಾಲು ಸಿದ್ಧವಾಗದಿರಬಹುದು. ಆಗ ಹಿಂದೆ ಸರಿಯುವುದು ಹೇಡಿತನವಲ್ಲ. ಕಟ್ಟಿದ ಹಣದ ಮಾತನ್ನಾಗಲಿ, ಗೆಳೆಯರ ಮುಂದೆ ಹೇಳಿಕೊಂಡ ಮಾತನ್ನಾಗಲಿ ಮೂಳೆ ಕೇಳುವುದಿಲ್ಲ. ಮನೆಯವರೂ 'ಇಷ್ಟು ದಿನದ ಶ್ರಮ ನೀರುಪಾಲಾಯಿತೇ' ಎಂದು ಹಂಗಿಸದೆ ಧೈರ್ಯ ತುಂಬಬೇಕು. ಓಟದ ದಿನಾಂಕವನ್ನು ಸಂಘಟಕರು ಗೊತ್ತುಪಡಿಸುತ್ತಾರೆ. ಗುಣವಾಗುವ ದಿನಾಂಕವನ್ನು ದೇಹವೇ ಗೊತ್ತುಪಡಿಸುತ್ತದೆ. ಇವೆರಡೂ ಕೂಡಿಬಂದರೆ ಸಂತೋಷ. ಕೂಡಿಬರದಿದ್ದರೆ ದೇಹದ ಮಾತಿಗೇ ಮನ್ನಣೆ ಸಲ್ಲಬೇಕು. ಸ್ಪರ್ಧೆ ಮುಂದಿನ ವರ್ಷವೂ ಬರುತ್ತದೆ. ಅಂದು ಓಡಲು ಕಾಲುಗಳು ಗಟ್ಟಿಯಾಗಿರಲಿ.