ಮೊಟ್ಟೆಯೊಳಗಿನ ದನಿ

ಹೇಂಟೆಯ ತಾಯ್ತನವನ್ನು ನಾವು ಬಹು ಸುಲಭವಾಗಿ ಹೊಗಳುತ್ತೇವೆ. 21 ದಿನ ಮೇವು ನೀರುಗಳ ಆಸೆಯನ್ನು ಬಹುಮಟ್ಟಿಗೆ ತೊರೆದು ಕಾವು ಕೊಡುವ, ಹದ್ದು ಎರಗಿದರೆ ರೆಕ್ಕೆಯರಳಿಸಿ ಎದುರು ನಿಲ್ಲುವ ಆ ಜೀವ ಹೊಗಳಿಕೆಗೆ ತಕ್ಕುದೇ ಸರಿ. ಆದರೆ ಅದೇ ಹೇಂಟೆ ಒಮ್ಮೊಮ್ಮೆ, ತಾನೇ ಕಾವು ಕೊಟ್ಟ ಮೊಟ್ಟೆಯೊಡೆದು ಬಂದ ಮರಿಯ ನೆತ್ತಿಯನ್ನು ಕುಕ್ಕಿ ಕೊಲ್ಲುವುದುಂಟು. ಕೋಳಿ ಸಾಕಿದವರಿಗೆ ಇದು ಗೊತ್ತಿದ್ದ ಮಾತು; ತಾಯ್ತನದ ಮೇಲೆ ಪದ್ಯ ಕಟ್ಟುವವರಿಗೆ ಅಷ್ಟಾಗಿ ಗೊತ್ತಿಲ್ಲ.

ಹುನಗುಂದ ಸೀಮೆಯ ಕಮತಗಿ ನೇಕಾರರ ಊರು. ಇಳಕಲ್ಲ ಸೀರೆ ನೇಯುವ ಮಗ್ಗಗಳ ಸದ್ದು ಅಲ್ಲಿಯ ಓಣಿಗಳಿಗೆ ಹೊಸದಲ್ಲ. ಅಂಥದೊಂದು ಮಗ್ಗದ ಮನೆಯ ಗೋಡೆಗೆ ಹೊಂದಿಕೊಂಡು ಒಬ್ಬ ಮುದುಕಿಯ ಮನೆ. ಆಕೆಯ ಕಂದು ಬಣ್ಣದ ಹೇಂಟೆ ಮೊದಲ ಸಲ ಕಾವಿಗೆ ಕೂತಿತ್ತು. ಬುಟ್ಟಿಯಲ್ಲಿ 11 ಮೊಟ್ಟೆ. ಹುಂಜಗಳು ಅಮೀನಗಡದ ಸಂತೆಗೆ, ಹೇಂಟೆಗಳು ಮನೆಗೆ ಎಂದು ಮರಿಯಾಗುವ ಮೊದಲೇ ಪಾಲು ಮುಗಿದಿತ್ತು. 21ನೆಯ ದಿನ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಎರಡು ಮರಿಗಳು ಬುಟ್ಟಿಯಾಚೆ ಸತ್ತು ಬಿದ್ದಿದ್ದವು. ಮೂರನೆಯದರ ನೆತ್ತಿಯಿಂದ ರಕ್ತ ಒಸರುತ್ತಿತ್ತು. ಅಚ್ಚರಿಯೆಂದರೆ, ಹೇಂಟೆ ಉಳಿದ ಮೊಟ್ಟೆಗಳ ಮೇಲೆ ಎಂದಿನಂತೆ ಕೂತೇ ಇತ್ತು. ಜಾರಿದ ಒಂದನ್ನು ಅದೇ ಕೊಕ್ಕಿನಿಂದ ಮೆಲ್ಲಗೆ ಹೊಟ್ಟೆಯಡಿಗೆ ಸರಿಸಿಕೊಂಡಿತು. ಮೊಟ್ಟೆ ತನ್ನದು, ಮರಿ ಮಾತ್ರ ಹಗೆ!

ನೆರೆಮನೆಯಾಕೆ ಹೇಂಟೆಯನ್ನು ಬಾಯಿಗೆ ಬಂದಂತೆ ಶಪಿಸಿದಳು. ಮುದುಕಿ ತಡೆದಳು: “ಆಕೀನ ಯಾಕ ಬೈತೀಯವ್ವಾ? ಚೊಚ್ಚಲ ಕಾವು. ಬಂದವ್ರು ಯಾರಂತ ಆಕಿಗೆ ಹ್ಯಾಂಗ ತಿಳೀಬೇಕು?”

ಈ ಪ್ರಶ್ನೆಯನ್ನೇ ಬೇರೊಂದು ಬಗೆಯಲ್ಲಿ ಕೇಳಿದವರು ವೋಲ್ಫ್‌ಗಾಂಗ್ ಶ್ಲೈಟ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು. ಅವರು 1960ರಲ್ಲಿ ಪ್ರಕಟಿಸಿದ ಪ್ರಯೋಗದ ಕಥೆ ಕರುಣಾಜನಕವಾದುದು. ಕಿವುಡುಗೊಳಿಸಿದ ಟರ್ಕಿ ಕೋಳಿಗಳು ಕಾವನ್ನೇನೋ ಸರಿಯಾಗಿಯೇ ಕೊಟ್ಟವು. ಮರಿಗಳು ಹೊರಬಂದೊಡನೆ ಕುಕ್ಕಿ ಕೊಂದವು. ಗೂಡಿನ ಬಳಿ ಸುಳಿವ ಯಾವುದೇ ಜೀವಿಯ ಮೇಲೆ ಬೀಳುವುದು ಕಾವಿಗೆ ಕೂತ ಹಕ್ಕಿಯ ಸ್ವಭಾವ. ಆ ಕೊಕ್ಕನ್ನು ತಡೆಯುವುದು ಮರಿಯ ಚಿಂವ್‌ಗುಟ್ಟುವಿಕೆ. ಕೋಳಿಮರಿ ಚಿಪ್ಪೊಡೆಯುವುದಕ್ಕೆ ಒಂದು ದಿನ ಮೊದಲೇ ಒಳಗಿನಿಂದ ದನಿಗೈಯುತ್ತದೆ, ತಾಯಿಯೂ ಮರುದನಿ ಕೊಡುತ್ತದೆ. ಗುರುತು ಹುಟ್ಟುವುದು ಆ ಸಂಭಾಷಣೆಯಲ್ಲಿ. ಹಾಗೆಂದು ಕೋಳಿಯೇನೂ ಟರ್ಕಿಯಲ್ಲ. ಚೊಚ್ಚಲಿನ ಗಾಬರಿ, ಇರುವೆಯ ಕಾಟ, ಇಣುಕಿ ನೋಡುವ ಮಂದಿ, ಇವೂ ಅದನ್ನು ಕೆರಳಿಸುತ್ತವೆ. ಗೋಡೆಯಾಚೆಯ ಲಾಳಿಯ ಸದ್ದಿನಲ್ಲಿ ಮರಿಯ ದನಿ ಮುಳುಗಿತೇ ಎಂಬ ಯೋಚನೆ ನನಗೂ ಬಂದಿತು. ಆದರೆ ಅದೇ ಗೋಡೆಯ ಬುಡದಲ್ಲಿ ಆಕೆಯ ಹಳೆಯ ಹೇಂಟೆ ಹಲವು ಸಂಸಾರ ಸಾಗಿಸಿತ್ತು. ಮಗ್ಗದ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಮುದುಕಿ ಹೇಂಟೆಯನ್ನು ಎಬ್ಬಿಸಲಿಲ್ಲ. ಎಬ್ಬಿಸಿದ್ದರೆ ಉಳಿದ ಎಂಟು ಮೊಟ್ಟೆಗಳ ಕಾವು ಆರುತ್ತಿತ್ತು. ಅವಕ್ಕೆ ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಬುಟ್ಟಿಯ ಬಳಿಯೇ ಕೂತು, ಮರಿ ಚಿಪ್ಪಿನಿಂದ ಹೊರಬೀಳುತ್ತಲೇ ಎತ್ತಿಕೊಂಡಳು. ಒಂದು ಮೊಟ್ಟೆ ಬಿರುಕು ಬಿಟ್ಟು ತಾಸುಗಟ್ಟಲೆ ಸುಮ್ಮನಿತ್ತು. ನೆರೆಮನೆಯ ಹುಡುಗ ಚಿಪ್ಪು ಸುಲಿಯಲು ಕೈಯಿಟ್ಟ. ಮುದುಕಿ ಅವನ ಕೈ ಹಿಡಿದಳು. ಬಿರುಕಿನಿಂದ ಬಿಡುಗಡೆಗೆ 12ರಿಂದ 24 ತಾಸು ಹಿಡಿಯುವುದು ಸಹಜ. ಒಳಪೊರೆಯ ರಕ್ತನಾಳಗಳು ಬತ್ತುವ ಮೊದಲು ಸುಲಿದರೆ ಮರಿ ರಕ್ತ ಹೋಗಿ ಸಾಯುತ್ತದೆ. ಕೊಲ್ಲುವ ಕೊಕ್ಕಿನಷ್ಟೇ ಕರುಣೆಯ ಕೈಯನ್ನೂ ಕಾಯಬೇಕಾಯಿತು.

ರಟ್ಟಿನ ಪೆಟ್ಟಿಗೆಗೆ ಹಳೆಯ ಬಟ್ಟೆ ಹಾಸಿ, ಮೇಲೆ ಹಳೆಯ ಮಾದರಿಯ ಬಲ್ಬನ್ನು ಇಳಿಬಿಟ್ಟೆವು. (ಈಗಿನ ಎಲ್‌ಇಡಿಗೆ ಬೆಳಕುಂಟು, ಮರಿಗೆ ಸಾಲುವಷ್ಟು ಬಿಸಿಯಿಲ್ಲ.) ಮೊದಲ ವಾರ ಮರಿಗಳಿಗೆ 35 ಡಿಗ್ರಿಯಷ್ಟು ಬೇಕು. ಉಷ್ಣಮಾಪಕವಿಲ್ಲದಿದ್ದರೆ ಮರಿಗಳೇ ಹೇಳುತ್ತವೆ: ದೀಪದಡಿ ಒತ್ತೊತ್ತಾಗಿ ಸೇರಿದರೆ ಚಳಿ, ದೂರ ಸರಿದು ಬಾಯ್ದೆರೆದರೆ ಸೆಕೆ. ಉಣಿಸುವ ಅವಸರವಿಲ್ಲ. ಹುಟ್ಟುವ ಮುನ್ನ ಹೊಟ್ಟೆಗೆ ಸೆಳೆದುಕೊಂಡ ಹಳದಿ ಭಾಗದ ಬಲದಿಂದ ಅವು ಒಂದೆರಡು ದಿನ ತಾಳುತ್ತವೆ.

ಮರುದಿನದ ಸಂಜೆಗೆ ಆರು ಮರಿಗಳು ಒಣಗಿ ಹೂವಿನಂತಾದವು. ಎರಡು ಮೊಟ್ಟೆ ಒಡೆಯಲೇ ಇಲ್ಲ. ಕತ್ತಲಾದ ಮೇಲೆ ಮುದುಕಿ ದೀಪವಾರಿಸಿ ಎರಡು ಮರಿಗಳನ್ನು ಹೇಂಟೆಯ ರೆಕ್ಕೆಯಡಿ ತೂರಿಸಿದಳು. ಕತ್ತಲಲ್ಲಿ ಕೋಳಿಗೆ ಕಣ್ಣು ಮಂದ, ಸಿಟ್ಟೂ ಮಂದ. ಬೆಳಕು ಹರಿಯುವ ಮುನ್ನವೇ ನಾವು ಬುಟ್ಟಿಯ ಬಳಿ ಕೂತೆವು. ಬೆಳಗ್ಗೆ ಮತ್ತೆ ಕುಕ್ಕುವ ಹೇಂಟೆಗಳೂ ಉಂಟು. ಮಗ್ಗ ಇನ್ನೂ ಎದ್ದಿರಲಿಲ್ಲ. ರೆಕ್ಕೆಯಡಿಯಿಂದ ಚಿಂವ್ ಎಂಬ ದನಿ ಬಂದಿತು. ಹೇಂಟೆ ಕತ್ತು ಓರೆ ಮಾಡಿ ಬಹಳ ಹೊತ್ತು ಆಲಿಸಿತು. ಬಳಿಕ ಗಂಟಲಲ್ಲೇ ಕೊಕ್ ಕೊಕ್ ಎಂದಿತು. ಅಂದಿನ ರಾತ್ರಿ ಉಳಿದ ನಾಲ್ಕೂ ಬುಟ್ಟಿ ಸೇರಿದವು.

ನೆತ್ತಿ ಗಾಯದ ಮರಿಯನ್ನು ಬೇರೆಯಿಡಬೇಕಾಯಿತು, ಕೆಂಪು ಕಂಡರೆ ಒಡಹುಟ್ಟಿದವೂ ಕುಕ್ಕುತ್ತವೆ. ಗಾಯ ಮಾಯ್ದ ಮೇಲೆ ಅದನ್ನು ಅಂಗಳಕ್ಕೆ ಬಿಟ್ಟಾಗ ಹೇಂಟೆ ಒಮ್ಮೆ ಕುಕ್ಕಿ ಅಟ್ಟಿತು. ಮರಿ ಓಡಿದ್ದು ಅಡಿಗೆಮನೆಗೆ, ಮುದುಕಿಯ ಸೀರೆಯ ಅಂಚಿನಡಿಗೆ.